ಕಿಟಕಿಯಿಲ್ಲದ ಕೋಣೆ

"ಲೋಕಲ್ಲಾ, ಜನರಲ್ಲಾ? ನೀವೇ ಹೇಳಿಬಿಡಿ ಸಿಸ್ಟರ್, ನಿಮಗೆ ನಾನು ವಿವರಿಸೋದೇನಿದೆ," ಎಂದು ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದು ಕಾದಾಗ ದೊಡ್ಡ ಸಿಸ್ಟರ್ ನಕ್ಕುಬಿಟ್ಟಳು. ನಗುವಂಥದ್ದೇನೂ ಇರಲಿಲ್ಲ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ಕಾಣಿಸಿಕೊಂಡ ಕೆಂಪು ಕಲೆ, ಅದಕ್ಕೊಂದು ಸ್ಕ್ಯಾನು, ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡು ಕೂತಿದ್ದ ದ್ರಾಕ್ಷಿಯಷ್ಟು ಗಡ್ಡೆ. ಕೆಟ್ಟದ್ದಿರಲಾರದು, ಆದರೂ ತೆಗೆದು ಪರೀಕ್ಷೆಗೆ ಕಳಿಸೋಣ ಎಂದಿದ್ದರು ಡಾಕ್ಟರಮ್ಮ. ಹೊಟ್ಟೆ ಕುಯ್ಯುವುದಿಲ್ಲ, ಹೊಲಿಗೆಯಿಲ್ಲ. ಕೆಳಗಿನಿಂದ ಸಣ್ಣ ಕೊಳವೆ ತೂರಿಸಿ, ಟಿವಿಯಲ್ಲಿ ನೋಡುತ್ತ ಕತ್ತರಿಸಿ ತೆಗೆಯುವುದು. ಗರ್ಭಕೋಶದ ಬಾಯಿಯ ಸುತ್ತ ಮಾತ್ರ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರೆ ಲೋಕಲ್, ಎಚ್ಚರವಾಗಿದ್ದು ಎಲ್ಲ ಕೇಳಿಸಿಕೊಳ್ಳುತ್ತ ಮಲಗಿರಬೇಕು. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಜನರಲ್, ಕಣ್ಣು ಮುಚ್ಚಿ ಬಿಡುವುದರೊಳಗೆ ಎಲ್ಲ ಮುಗಿದಿರುತ್ತದೆ. ಇದೇ ಮಾತನ್ನು ಅವಳು ಎಷ್ಟು ಹೆಂಗಸರಿಗೆ ಹೇಳಿದ್ದಳೋ ಲೆಕ್ಕವಿಲ್ಲ. ಹೇಳಿ ಮುಗಿಸಿ, "ಬೇಗ ತೀರ್ಮಾನ ಮಾಡಿಮ್ಮಾ, ಹಿಂದೆ ಕ್ಯೂ ಇದೆ," ಎಂದು ಅವಸರಪಡಿಸಿದ್ದೂ ಉಂಟು. ಈಗ ಅದೇ ಕುರ್ಚಿಯಲ್ಲಿ ಕೂತು, ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರುವುದು ಗಮನಕ್ಕೆ ಬಂದು, ಬಿಚ್ಚಿದಳು.

"ನಾಳೆ ಬೆಳಿಗ್ಗೆ ಹೇಳ್ತೀನಿ ಡಾಕ್ಟರ್."

"ಇವತ್ತೇ ಹೇಳಿದ್ರೆ ಅನಸ್ತೇಷಿಯಾದವರಿಗೆ ತಿಳಿಸಿಡ್ತಿದ್ದೆ."

"ಹೊಟ್ಟೆ ಖಾಲಿ ಇಟ್ಕೊಂಡೇ ಬರ್ತೀನಿ. ಯಾವುದಾದ್ರೂ ಆಗುತ್ತಲ್ಲ."

ಡಾಕ್ಟರಮ್ಮ ಕತ್ತೆತ್ತಿ ನೋಡಿದರು. ಆ ನೋಟದಲ್ಲಿದ್ದ ಕನಿಕರ ಅವಳಿಗೆ ಮೈಗೆ ಅಂಟಿದ ಜೇಡರ ಬಲೆಯಂತಾಗಿ, ಬಾಗಿಲು ದಾಟುವಷ್ಟರಲ್ಲಿ ಭುಜ ಕೊಡವಿಕೊಂಡಳು. ಬೇರೆ ಆಸ್ಪತ್ರೆಗೆ ಹೋಗಿ ಮಾಡಿಸಿಕೊಳ್ಳಬಹುದಿತ್ತು. ಎರಡು ಬಸ್‌ ಸ್ಟಾಪ್ ಆಚೆ ಒಂದಿತ್ತು, ಅಲ್ಲಿ ಅವಳ ಗುರುತೇ ಯಾರಿಗೂ ಇರಲಿಲ್ಲ. ಆದರೆ ಹಾಗೆ ಹೋದರೆ ಏನಾಗುತ್ತಿತ್ತು? ಇಷ್ಟು ವರ್ಷ ಊರಿಗೆಲ್ಲ ಧೈರ್ಯ ಹೇಳಿದವಳು ತನ್ನ ಸರದಿ ಬಂದಾಗ ಕದ್ದು ಓಡಿದಳು ಎಂದು ಲಿಫ್ಟಿನವನಿಂದ ಹಿಡಿದು ಲ್ಯಾಬಿನವನವರೆಗೆ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅವರು ಆಡಿಕೊಳ್ಳದಿದ್ದರೂ ಅವಳೇ ಆಡಿಕೊಳ್ಳುತ್ತಿದ್ದಳು. ಆ ವಿದ್ಯೆಯಲ್ಲಿ ಅವಳದು ಎತ್ತಿದ ಕೈ.

ಅವಳ ಕೆಲಸ ಆಪರೇಷನ್ ಆದವರನ್ನು ಎಚ್ಚರಿಸುವುದು. ಆ ಕೋಣೆಗೆ ಕಿಟಕಿಯಿಲ್ಲ. ನಾಲ್ಕು ಮಂಚ, ನಾಲ್ಕು ಪರದೆ, ಒಂದೇ ಸಮ ಉರಿಯುವ ಬಿಳಿ ದೀಪ. ಹೊರಗೆ ಮಳೆಯೋ ಬಿಸಿಲೋ ಒಳಗಿದ್ದವರಿಗೆ ತಿಳಿಯದು. ಸ್ಟ್ರೆಚರಿನಲ್ಲಿ ಬಂದವರ ಕೆನ್ನೆ ತಟ್ಟಿ, ಹೆಸರು ಹಿಡಿದು ಕರೆದು, ಆ ಕಡೆ ಜಾರಿಹೋದವರನ್ನು ಈ ಕಡೆಗೆ ಎಳೆದು ತರಬೇಕು. ಎಲ್ಲರಿಂದ ಆಗುವ ಕೆಲಸವಲ್ಲ ಅದು. ಮೆತ್ತಗೆ ಕರೆದರೆ ಮಗ್ಗುಲು ಬದಲಾಯಿಸುತ್ತಾರೆ, ಗದರಿದರೆ ಬೆಚ್ಚಿ ಸೂಜಿ ಕಿತ್ತುಕೊಳ್ಳುತ್ತಾರೆ. ಅವಳ ದನಿ ಮಾತ್ರ, ಸ್ಕೂಲಿಗೆ ಹೊತ್ತಾಯಿತೆಂದು ಅಡುಗೆಮನೆಯಿಂದ ಅಮ್ಮ ಕೂಗುವ ಹಾಗೆ, ನಿದ್ದೆಯ ಯಾವ ಆಳಕ್ಕೂ ಇಳಿದು ಕೈ ಹಿಡಿಯುತ್ತಿತ್ತು. "ದೊಡ್ಡ ಸಿಸ್ಟರ್ ಕರೆದ್ರೆ ಹೆಣಾನೂ 'ಬಂದೆ' ಅನ್ನುತ್ತೆ" ಎಂದು ಅನಸ್ತೇಷಿಯಾ ಡಾಕ್ಟರು ಹೊಸಬರಿಗೆ ಅವಳ ಪರಿಚಯ ಮಾಡಿಕೊಡುವಾಗ ಅವಳು ಮುಖ ಸಿಂಡರಿಸಿಕೊಂಡರೂ ಆ ದಿನವೆಲ್ಲ ನಡಿಗೆಯಲ್ಲೊಂದು ಠೀವಿ ಇರುತ್ತಿತ್ತು. ಇರಲಿ ಬಿಡಿ, ದುಡಿದು ಗಳಿಸಿದ ಹೆಮ್ಮೆ ಅದು, ಯಾರಪ್ಪನ ಮನೆಯಿಂದ ತಂದದ್ದಲ್ಲ.

ಹಾಗೆ ಮೇಲೆ ಬರುವಾಗ ಜನ ಮಾತಾಡುತ್ತಾರೆ. ಪೂರ್ತಿ ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ, ಅಂಥ ಹೊತ್ತಿನಲ್ಲಿ ನಾಲಿಗೆಗೆ ಹೇಳುವವರು ಕೇಳುವವರು ಇರುವುದಿಲ್ಲ. ಘನತೆವೆತ್ತ ಪ್ರಿನ್ಸಿಪಾಲರು ಅವಳ ಕೈ ಹಿಡಿದು ಮದುವೆಯಾಗು ಎಂದು ಗೋಗರೆದಿದ್ದರು. ಒಬ್ಬ ಮುದುಕಿ ಸೊಸೆಗೆ ಹೇಳಬೇಕಾದ್ದನ್ನೆಲ್ಲ ಸಲೈನ್ ಬಾಟಲಿಗೆ ಹೇಳಿದ್ದಳು. ಎಚ್ಚರವಾದ ಮೇಲೆ ಅವರಿಗೆ ಒಂದೂ ನೆನಪಿರುವುದಿಲ್ಲ, ಅವಳಿಗೆ ಒಂದೂ ಮರೆಯುವುದಿಲ್ಲ. ಮಧ್ಯಾಹ್ನ ಟೀ ಕೋಣೆಯಲ್ಲಿ ಕಾಲು ಚಾಚಿ ಕೂತು ಅವಳು ಅದನ್ನೆಲ್ಲ ಮಾಡಿ ತೋರಿಸುತ್ತಿದ್ದಳು. ಬರೀ ಮಾತಲ್ಲ, ಅದೇ ದನಿ, ಅದೇ ತೊದಲು, ಅರ್ಧ ತೆರೆದ ಅದೇ ಕಣ್ಣು. ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು ಎಲ್ಲರೂ. ಆ ಕೋಣೆಯಲ್ಲಿ ಅವಳಿಗಾಗಿಯೇ ಬಾಗಿಲಿಗೆ ಎದುರಾದ ಕುರ್ಚಿ ಖಾಲಿ ಇರುತ್ತಿತ್ತು.

ಇವತ್ತು ಆ ಕುರ್ಚಿಯಲ್ಲಿ ಕೂತು ಟೀ ಲೋಟದ ಕೆನೆಯನ್ನು ಚಮಚದಿಂದ ಅಂಚಿಗೆ ಸರಿಸುತ್ತಿದ್ದಾಗ ಲ್ಯಾಬಿನವನು, "ಏನ್ ದೊಡ್ಡ ಸಿಸ್ಟರ್, ಇವತ್ತು ಪಿಕ್ಚರ್ ಇಲ್ವಾ?" ಎಂದ. ಬೆಳಿಗ್ಗೆ ಒಬ್ಬ ವಕೀಲ ಎದ್ದವನೇ ತನ್ನ ಹೋಮ್‌ವರ್ಕ್ ನಾಯಿ ತಿಂದಿತೆಂದು ಅತ್ತಿದ್ದ. ಒಳ್ಳೆ ಸರಕು. ಆದರೂ ಕೆಮ್ಮಿ, "ಗಂಟಲು ಕಟ್ಟಿದೆ," ಎಂದಳು. "ನಾಳೆ ನಿಮ್ಮದೇ ಸ್ಪೆಷಲ್ ಶೋ ಅಂತೆ? ನಾವೆಲ್ಲ ಟಿಕೆಟ್ ತಗೊಂಡಿದ್ದೀವಿ," ಎಂದು ಅವನು ಕಣ್ಣು ಮಿಟುಕಿಸಿದ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಅವಳೇ. ಅವಳ ಕೈಕೆಳಗೆ ಪಳಗಿದ ಚಿಕ್ಕ ಸಿಸ್ಟರ್ ಮಾತ್ರ ನಗದೆ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬಿದ್ದುದನ್ನು ನೋಡುತ್ತ ಕೂತಿದ್ದಳು. ಈ ಹುಡುಗಿ ನನ್ನ ಬಾಯಿಂದ ಬರುವುದನ್ನು ಮೊದಲು ಕೇಳುತ್ತಾಳೆ ಎಂದುಕೊಂಡಳು ದೊಡ್ಡ ಸಿಸ್ಟರ್. ನಾನೇ ಕಲಿಸಿದ್ದೇನೆ ಅವಳಿಗೆ, ಕಿವಿ ಹತ್ತಿರ ಹಿಡಿದು ಕೇಳಬೇಕು, ಕೆಲವರು ಪಿಸುಗುಡುತ್ತಾರೆ ಎಂದು.

ಟೀ ಮುಗಿಸಿ ಹೊರಗೆ ಬಂದಾಗ ಕಾರಿಡಾರಿನ ಕೊನೆಯಲ್ಲಿ ಬಿಲ್ ಕೌಂಟರಿನ ಗಾಜು ಹೊಳೆಯಿತು. ಗಾಜಿನ ಹಿಂದೆ ಕಿಟಕಿ ಕೂತಿದ್ದಳು. ಅದು ಅವಳ ಹೆಸರಲ್ಲ. ದಿನವಿಡೀ ಗಾಜಿನ ಕಿಂಡಿಯ ಹಿಂದೆ ಕೂರುವುದರಿಂದ ಬಂದ ಅಡ್ಡಹೆಸರೆಂದು ಹೊಸಬರು ತಿಳಿದಿದ್ದರು, ಯಾರೂ ತಿದ್ದಿರಲಿಲ್ಲ. ಬಿಲ್ ಕೌಂಟರಿನವಳಿಗೆ ಕೆಲವು ವರ್ಷಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆದಿದ್ದರು. ಕೆನ್ನೆ ತಟ್ಟಿದವಳು ದೊಡ್ಡ ಸಿಸ್ಟರೇ. ಮೊದಲು ಗಂಟಲಲ್ಲಿ ಗೊರಗೊರ ಶಬ್ದ, ಆಮೇಲೆ ತೀರ ಸಣ್ಣ ಹುಡುಗಿಯ ದನಿ, ಆ ದಪ್ಪ ಮೈಯೊಳಗಿಂದ ಬಂತೆಂದು ನಂಬಲಾಗದಷ್ಟು ಸಣ್ಣದು: "ಕಿಟಕಿ ಹಾಕು ಅಕ್ಕಾ. ಅವನು ನೋಡ್ತಾ ನಿಂತಿದ್ದಾನೆ. ಕಿಟಕಿ ಹಾಕು." ದೊಡ್ಡ ಸಿಸ್ಟರ್ ಎಂದಿನಂತೆ, "ಇಲ್ಲಿ ಕಿಟಕೀನೇ ಇಲ್ಲ ತಾಯಿ, ಕಣ್ಣು ಬಿಡು," ಎಂದಿದ್ದಳು. ಕಣ್ಣು ಬಿಟ್ಟ ಮೇಲೂ ಅವಳು ಗೋಡೆಯ ಕಡೆ ನೋಡುತ್ತ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಿದ್ದಳು. ಅದೇ ಮಧ್ಯಾಹ್ನ ಟೀ ಕೋಣೆಯಲ್ಲಿ ಆ ದನಿ ಇವಳ ಬಾಯಿಂದ ಅದೆಷ್ಟು ಸರಿಯಾಗಿ ಬಂತೆಂದರೆ ಲ್ಯಾಬಿನವನಿಗೆ ನಗು ತಡೆಯಲಾರದೆ ಟೀ ನೆತ್ತಿಗೆ ಹತ್ತಿತು. ಹದಿನೈದು ದಿನದ ರಜೆ ಮುಗಿಸಿ ಬಂದವಳನ್ನು ಎಲ್ಲರೂ "ಕಿಟಕಿ ಹಾಕಿದ್ಯೇನಮ್ಮಾ?" ಎಂದೇ ಮಾತಾಡಿಸಿದರು. ಅವಳೂ ನಕ್ಕಳು. ನಕ್ಕು ನಕ್ಕು, ಯಾವಾಗಲೋ ಟೀ ಕೋಣೆಗೆ ಬರುವುದನ್ನು ಬಿಟ್ಟಳು. ಮನೆಯಿಂದ ಫ್ಲಾಸ್ಕ್ ತಂದು ಕೌಂಟರಿನಲ್ಲೇ ಕುಡಿಯತೊಡಗಿದಳು. ಹೆಣ್ಣಿಗೆ ಇಷ್ಟು ಬಿಗುಮಾನ ಇರಬಾರದು ಎಂದು ಯಾರೋ ಮೂಗು ಮುರಿದಾಗ ಹೌದು ಹೌದು ಎಂದು ತಲೆಯಾಡಿಸಿದವರಲ್ಲಿ ದೊಡ್ಡ ಸಿಸ್ಟರ್ ಕೂಡ ಒಬ್ಬಳು. ಅವನು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ದೊಡ್ಡ ಸಿಸ್ಟರಿನ ಗಂಡನಿಗೆ ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಪಾಲಿಗಿರುವ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಬಸ್ಸಿನಲ್ಲಿ ಕೂತರೂ ತಿರುವಿನಲ್ಲಿ ಅವನ ಬಲಗಾಲು ನೆಲ ಒತ್ತುತ್ತದೆ. ಆ ಸಂಜೆ ಬಟ್ಟೆ ಮಡಿಸುತ್ತ, "ಯಾವುದ್ರಲ್ಲಿ ನೋವು ಕಡಿಮೆಯೋ ಅದನ್ನ ತಗೋ. ಅದಕ್ಕೆ ಇಷ್ಟು ಯೋಚನೆ ಯಾಕೆ?" ಎಂದ.

"ನೋವಿಗೆ ಯಾರ್ ಹೆದರ್ತಾರೆ?"

"ಮತ್ತೆ ಯಾವುದಕ್ಕೆ ಹೆದರ್ತಿದ್ದೀಯ?"

"ಹೆದರಿಕೆ ಅಂತ ಹೇಳಿದ್ನಾ ನಾನು? ಆ ಟವಲ್ಲು ಹಾಗೆ ಮಡಿಸೋದಲ್ಲ, ಕೊಡಿ ಇಲ್ಲಿ."

ಅವನು ಕೊಟ್ಟ. ಇನ್ನೊಂದು ಬಟ್ಟೆ ಎತ್ತಿಕೊಂಡು, "ನನಗೆ ಹರ್ನಿಯಾ ಆದಾಗ ಜನರಲ್ ಕೊಟ್ಟಿದ್ರಲ್ಲ. ಏಳೋವಾಗ 'ಬ್ರೇಕು, ಬ್ರೇಕು' ಅಂದಿದ್ದೆ ಅಂತ ನಿಮ್ಮ ಆಸ್ಪತ್ರೆಯವರು ಇವತ್ತಿಗೂ ನಗ್ತಾರೆ. ನನಗೇನಾಯ್ತು? ಏನೂ ಆಗ್ಲಿಲ್ಲ," ಎಂದು ನಕ್ಕ. ಬ್ರೇಕು ಎಂದದ್ದು ನಿಜ. ಅದಕ್ಕೂ ಮುಂಚೆ ಅವನು ಇನ್ನೊಂದು ಮಾತು ಹೇಳಿದ್ದ. ತನ್ನ ಮುಖಕ್ಕೆ ಬಗ್ಗಿದ್ದು ಹೆಂಡತಿಯೆಂದು ಗೊತ್ತಾಗದೆ, "ಸಿಸ್ಟರ್, ನಮ್ಮನೆಯವಳನ್ನ ಕರೀರಿ. ಅವಳು ಬಂದ್ರೆ ನನಗೆ ಭಯ ಹೋಗುತ್ತೆ," ಎಂದು ಅವಳ ಬೆರಳನ್ನೇ ಹಿಡಿದು ಬೇಡಿಕೊಂಡಿದ್ದ. ಅದನ್ನು ಅವಳು ಟೀ ಕೋಣೆಗೆ ಒಯ್ದಿರಲಿಲ್ಲ, ಅವನಿಗೂ ಹೇಳಿರಲಿಲ್ಲ, ಮಡಿಸಿ ಎಲ್ಲೋ ಒಳಗಿಟ್ಟಿದ್ದಳು. ಅಂದರೆ ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲವೆಂದಲ್ಲ. ಬೇಕಾದಾಗ ಬರುತ್ತಿತ್ತು. ಈ ಯೋಚನೆ ಬಂದದ್ದೇ ತಡ, ಮಡಿಸಿದ ಟವಲನ್ನು ಮತ್ತೆ ಬಿಚ್ಚಿ ಮಡಿಸಿದಳು.

ಮಲಗುವ ಮುಂಚೆ, ನೆಂಟರು ಬರುವ ಹಿಂದಿನ ದಿನ ಮನೆಯ ಮೂಲೆಮೂಲೆ ನೋಡುವ ಹಾಗೆ, ತಲೆಯೊಳಗೆಲ್ಲ ಹುಡುಕಿದಳು. ಏನು ಸಿಗಬಹುದು? ಮೇಟ್ರನ್ ಕೆಲಸ ತನಗೆ ಸಿಗದೆ ಇನ್ನೊಬ್ಬಳಿಗೆ ಹೋದಾಗ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದು. ಚಿಕ್ಕ ಸಿಸ್ಟರಿನ ಕಪ್ಪು ಕೂದಲು ಕಂಡರೆ ಆಗುವ ಉರಿ. ಗಂಡನನ್ನು ಬಾಗಿಲು ಹಾಕಿಕೊಂಡಾಗ ಮಾತ್ರ 'ಮರೀ' ಎಂದು ಕರೆಯುವುದು. ಛೆ, ಇದನ್ನು ಕೇಳಿದರೆ ಲ್ಯಾಬಿನವನು ಪೆನ್ಷನ್ ಬರುವವರೆಗೂ ಬಿಡುವವನಲ್ಲ. ಆದರೆ ಇವು ಕೈಗೆ ಸಿಕ್ಕವು. ಸಿಗದವು? ಬಿಲ್ ಕೌಂಟರಿನವಳಿಗೂ ತನ್ನೊಳಗೊಂದು ಕಿಟಕಿ ತೆರೆದೇ ಇದೆ ಎಂದು ಆಪರೇಷನ್ನಿನ ಹಿಂದಿನ ದಿನ ಗೊತ್ತಿದ್ದಿರಲಾರದು. ಲೋಕಲ್ಲೇ ಸರಿ. ಪಕ್ಕದ ಸೀಟಾದರೂ ಚಿಂತೆಯಿಲ್ಲ, ಬ್ರೇಕಿನ ಮೇಲೆ ಕಾಲಿರಬೇಕು. ನೋವು ಎಷ್ಟಾದರೂ ಆಗಲಿ. ಅವಳಮ್ಮ ನಾಲ್ಕು ಹೆತ್ತಳು, ಪಕ್ಕದ ಮನೆಗೆ ಒಂದು ಸಲವೂ ಕೇಳಿಸಲಿಲ್ಲ ಎಂಬುದು ಅವರ ಮನೆತನದ ದೊಡ್ಡ ಹೆಚ್ಚುಗಾರಿಕೆ. ಮದುವೆ ಮನೆಗಳಲ್ಲಿ ಚಿಕ್ಕಮ್ಮಂದಿರು ಅದನ್ನು ಒಡವೆ ತೋರಿಸಿದ ಹಾಗೆ ತೋರಿಸುತ್ತಿದ್ದರು. ಕೊನೇ ತಮ್ಮ ಹುಟ್ಟಿದ ಬೆಳಿಗ್ಗೆ ಅವಳು ಬಾಗಿಲ ಸಂದಿಯಿಂದ ಒಳಗೆ ನುಸುಳಿ, ಅಮ್ಮನ ಪಕ್ಕ ಬಟ್ಟೆಯಲ್ಲಿ ಸುತ್ತಿದ್ದ ಕೂಸನ್ನು ನೋಡಲು ಹೋದವಳು ಕೂಸನ್ನು ನೋಡದೆ ಅಮ್ಮನ ಮುಂಗೈ ನೋಡುತ್ತ ನಿಂತಿದ್ದಳು. ಅಲ್ಲಿ ಅರ್ಧಚಂದ್ರದ ಹಾಗೆ ಹಲ್ಲಿನ ಗುರುತು, ಆಳವಾಗಿ, ನೀಲಿಗಟ್ಟಿತ್ತು. ಅಮ್ಮ ಸೆರಗು ಎಳೆದು ಮುಚ್ಚಿ, "ಯಾರಿಗೂ ಹೇಳ್ಬೇಡ," ಎಂದಿದ್ದಳು. ಹೇಳಿರಲಿಲ್ಲ. ಇಲ್ಲಿಯವರೆಗೂ.

ಬೆಳಿಗ್ಗೆ ಬಿಲ್ ಕೌಂಟರಿನ ಮುಂದೆ ನಿಲ್ಲಲೇಬೇಕಾಯಿತು. ಆಸ್ಪತ್ರೆಯವರೇ ಆದರೂ ಮೊದಲು ಅಲ್ಲಿ ಚೀಟಿ ಮಾಡಿಸಬೇಕು. ಗಂಡ ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋಗಿದ್ದ. ಗಾಜಿನ ಕಿಂಡಿಗೆ ಬಗ್ಗಿದಾಗ ಒಳಗಿಂದ ಫ್ಲಾಸ್ಕಿನ ಕಾಫಿ ವಾಸನೆ ಬಂತು. ಬಿಲ್ ಕೌಂಟರಿನವಳು ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಲೋಕಲ್ಲಾ, ಜನರಲ್ಲಾ?" ಎಂದಳು. ಸುಮ್ಮನೆ ಕೇಳಿದ್ದಲ್ಲ, ಕೇಳಲು ಕಾದು ಕೂತಿದ್ದಳು. ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತ್ತು. ದೊಡ್ಡ ಸಿಸ್ಟರಿಗೆ ಎಲ್ಲ ಅರ್ಥವಾಯಿತು. ಇಷ್ಟು ವರ್ಷ ಫ್ಲಾಸ್ಕಿನ ಕಾಫಿ ಕುಡಿಯುತ್ತ ಇವಳು ಇದೇ ದಿನಕ್ಕಾಗಿ ಕಾದಿದ್ದಾಳೆ. ಟೀ ಕೋಣೆಗೆ ಇವತ್ತು ಬರುತ್ತಾಳೆ, ಬಾಗಿಲಿಗೆ ಎದುರಾದ ಕುರ್ಚಿಯಲ್ಲೇ ಕೂರುತ್ತಾಳೆ. ಕೂರಲಿ, ನ್ಯಾಯವೇ. ಆದರೆ ಕೇಳುವುದಕ್ಕೆ ಏನಾದರೂ ಸಿಕ್ಕಬೇಕಲ್ಲ.

"ಲೋಕಲ್," ಎಂದಳು, ಅಗತ್ಯಕ್ಕಿಂತ ಗಟ್ಟಿಯಾಗಿ.

ಬಿಲ್ ಕೌಂಟರಿನವಳು ಆಗ ಕಣ್ಣೆತ್ತಿದಳು. ಮುಖದಲ್ಲಿ ಏನೋ ಸಡಿಲಗೊಂಡಿತು. ನಿರಾಸೆ, ಎಂದುಕೊಂಡಳು ದೊಡ್ಡ ಸಿಸ್ಟರ್, ಮತ್ತು ಎದೆ ಸೆಟೆಸಿ ಚೀಟಿ ತೆಗೆದುಕೊಂಡಳು. ಕಾರಿಡಾರಿನುದ್ದಕ್ಕೂ ಅವಳ ಚಪ್ಪಲಿ ಗೆದ್ದವರ ಚಪ್ಪಲಿಯ ಹಾಗೆ ಸದ್ದು ಮಾಡಿತು.

ಆಪರೇಷನ್ ಥಿಯೇಟರಿನ ಮೇಜಿನ ಮೇಲೆ ಮಲಗಿದಾಗ ಮೊದಲು ಕಂಡದ್ದು ಚಾವಣಿಯ ಕಲೆ. ಇಷ್ಟು ವರ್ಷ ಈ ಕೋಣೆಗೆ ಬಂದು ಹೋದವಳು ಅದನ್ನು ನೋಡಿರಲಿಲ್ಲ. ನಿಂತವರಿಗೆ ಅದು ಕಾಣುವುದೇ ಇಲ್ಲ, ಮಲಗಿದವರ ಪಾಲಿನದು. ಕಾಲೆರಡನ್ನೂ ಎತ್ತಿ ಪಟ್ಟಿಗೆ ಸಿಗಿಸಿದರು. ಎಷ್ಟು ಕಾಲುಗಳನ್ನು ಅವಳೇ ಹೀಗೆ ಸಿಗಿಸಿದ್ದಳೋ, ನಾಚಿಕೊಂಡವರ ಮಂಡಿಯನ್ನು, "ಇಲ್ಲಿ ಯಾರೂ ನೋಡೋರಿಲ್ಲಮ್ಮ," ಎಂದು ಅಗಲಿಸಿದ್ದಳೋ. ನೋಡುವವರು ಇದ್ದರು. ಡಾಕ್ಟರಮ್ಮ ಇದ್ದರು, ಬೇಕಾದರೆ ಇರಲಿ ಎಂದು ಅನಸ್ತೇಷಿಯಾ ಡಾಕ್ಟರೂ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ತಲೆಯ ಹತ್ತಿರ ಚಿಕ್ಕ ಸಿಸ್ಟರ್ ಇದ್ದಳು. ಅವಳು ಬಗ್ಗಿ, ಮೃದುವಾಗಿ, "ಇರುವೆ ಕಚ್ಚಿದ ಹಾಗೆ, ಅಷ್ಟೆ," ಎಂದಳು. ಅದು ದೊಡ್ಡ ಸಿಸ್ಟರಿನದೇ ಮಾತು, ಅವಳದೇ ರಾಗ, 'ಅಷ್ಟೆ'ಯನ್ನು ಕೊನೆಗೆ ಇಳಿಸುವುದೂ ಅವಳೇ ಕಲಿಸಿದ್ದು. ಕೆಳಗಿನಿಂದ ಕೇಳಿದಾಗ ಅದು ಬೇರೆಯೇ ಮಾತಾಗಿತ್ತು. ಬಾಯಿಗೆ ಕೈ ಅಡ್ಡ ಇಟ್ಟ ಹಾಗಿತ್ತು.

ಇರುವೆ ಅಲ್ಲ ಅದು. ಇಂಜೆಕ್ಷನ್ನು ಹೇಗೋ ಕಳೆಯಿತು. ಆಮೇಲೆ ಕೊಳವೆ ಒಳಬಾಯಿಯನ್ನು ದಾಟುವಾಗ, ಮರಗಟ್ಟಬೇಕಾದದ್ದು ಪೂರ್ತಿ ಮರಗಟ್ಟಿಲ್ಲವೆಂದು ಅವಳಿಗೆ ತಿಳಿಯಿತು. ಹೊಟ್ಟೆಯ ತಳದಲ್ಲಿ ಯಾರೋ ಬಟ್ಟೆ ಹಿಂಡುತ್ತಿದ್ದರು. ಹಿಂಡಿ, ಕೊಡವಿ, ಮತ್ತೆ ಹಿಂಡುತ್ತಿದ್ದರು. ಹಣೆಯ ಬೆವರು ಕಿವಿಯೊಳಗೆ ಇಳಿಯಿತು. ಗಂಟಲಿನ ಬುಡದಲ್ಲಿ ಒಂದು ಕೂಗು ಎದ್ದು ನಿಂತಿತ್ತು, ದೊಡ್ಡದು, ಎಷ್ಟೋ ವರ್ಷಗಳಿಂದ ಅಲ್ಲೇ ಕೂತು ಇವತ್ತು ಮಾತ್ರ ಎದ್ದ ಹಾಗಿತ್ತು. ಕೂಗುವ ಹೆಂಗಸರಿಗೆ ಅವಳು ಏನೆನ್ನುತ್ತಿದ್ದಳು? "ಹೊರಗೆ ಕೂತಿರೋರಿಗೆ ಭಯ ಆಗುತ್ತೆ, ಸುಮ್ಮನಿರಿ." ಹೆರುವಾಗಲೂ ಹೀಗೇ ಕೂಗಿದ್ರಾ ಎಂದು ಕೇಳುತ್ತಿದ್ದಳು ಕೆಲವರನ್ನು. ತನ್ನ ಮುಂಗೈ ಬಾಯಿಯ ಹತ್ತಿರವೇ ಇತ್ತು. ಕಚ್ಚಿದರೆ ಗುರುತಾಗುತ್ತದೆ, ಚಿಕ್ಕ ಸಿಸ್ಟರ್ ನೋಡುತ್ತಾಳೆ. ಅಮ್ಮನಿಗೆ ಸೆರಗಾದರೂ ಇತ್ತು.

ಡಾಕ್ಟರಮ್ಮ ಕೈ ನಿಲ್ಲಿಸಿ, "ನೋವಾಗ್ತಿದೆ ಅಲ್ವಾ? ಮುಖ ನೋಡಿದ್ರೆ ಗೊತ್ತಾಗುತ್ತೆ. ಜನರಲ್ ಕೊಟ್ಬಿಡೋಣ ಸಿಸ್ಟರ್, ಡಾಕ್ಟರ್ ಇಲ್ಲೇ ಇದ್ದಾರೆ. ಇದರಲ್ಲಿ ನಾಚಿಕೆ ಏನು ಬಂತು?" ಎಂದರು. ಮೂಲೆಯ ಸ್ಟೂಲು ಕಿರುಗುಟ್ಟಿತು. ಒಂದೇ ಒಂದು ಹೂಂ ಎಂದಿದ್ದರೆ ಸಾಕಿತ್ತು. ಪ್ರಜ್ಞೆ ತಪ್ಪಿಸುವ ಬಿಳಿ ಔಷಧಿ ಕೈಯ ನರದಲ್ಲಿ ತಣ್ಣಗೆ ಏರಿ, ಬಟ್ಟೆ ಹಿಂಡುವವರು ಬಿಟ್ಟು ಹೋಗುತ್ತಿದ್ದರು. ಆಮೇಲೆ ಕಿಟಕಿಯಿಲ್ಲದ ಕೋಣೆ, ಚಿಕ್ಕ ಸಿಸ್ಟರಿನ ಕಿವಿ.

"ಮುಂದುವರಿಸಿ," ಎಂದಳು. ದನಿ ಅವಳದೇ, ಒಂಚೂರೂ ನಡುಗಿರಲಿಲ್ಲ. ಇದಕ್ಕಾಗಿ ಆಮೇಲೆ ತನ್ನನ್ನು ತಾನೇ ಎಷ್ಟು ಸಲ ಮೆಚ್ಚಿಕೊಂಡಳೋ. ಚಾವಣಿಯ ಕಲೆಯ ಅಂಚನ್ನು ಕಣ್ಣಿನಲ್ಲೇ ಸುತ್ತಿದಳು, ಸುತ್ತಿದಳು, ಮತ್ತೆ ಹೊರಟಲ್ಲಿಗೇ ಬಂದಳು. ಕೂಗು ಎದ್ದಲ್ಲೇ ನಿಂತಿತ್ತು, ಹೊರಗೆ ಬರಲಿಲ್ಲ.

ಮುಗಿದಾಗ ಅನಸ್ತೇಷಿಯಾ ಡಾಕ್ಟರು ಎದ್ದು ಬಂದು ಚಪ್ಪಾಳೆ ತಟ್ಟಿದರು. "ಕಲ್ಲಿನಲ್ಲಿ ಮಾಡಿದ್ದಾರೆ ನಿಮ್ಮನ್ನ," ಎಂದರು. ಡಾಕ್ಟರಮ್ಮ ಪುಟ್ಟ ಡಬ್ಬಿಯಲ್ಲಿ ತೇಲುತ್ತಿದ್ದ ಗುಲಾಬಿ ಚೂರು ತೋರಿಸಿ, "ನೋಡೋಕೆ ಸಾಧುವಾಗೇ ಇದೆ," ಎಂದರು. ವೀಲ್‌ಚೇರ್ ತಂದರೆ ಬೇಡವೆಂದಳು. ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಪಕ್ಕದ ಕೋಣೆಗೆ ಹೊರಟಾಗ ಬಾಗಿಲಲ್ಲಿ ನಿಂತಿದ್ದ ಲ್ಯಾಬಿನವನು ದಾರಿ ಬಿಟ್ಟು, "ಒಂದ್ ಸದ್ದೂ ಇಲ್ವಂತಲ್ಲ! ನಮ್ಮ ಟಿಕೆಟ್ ದುಡ್ಡು ವಾಪಸ್ ಕೊಡಿ," ಎಂದ. ಅವಳು ಮಹಾರಾಣಿಯ ಹಾಗೆ ಕತ್ತು ವಾಲಿಸಿ ಮುಂದೆ ನಡೆದಳು. ಹೌದು, ಅವಳಿಗೆ ಹೆಮ್ಮೆಯಾಯಿತು. ಮೈ ತುಂಬ ಹೆಮ್ಮೆ, ಬೇರೆ ಯಾವುದಕ್ಕೂ ಜಾಗವಿಲ್ಲದಷ್ಟು. ಅಮ್ಮ ಇದ್ದಿದ್ದರೆ ಚಿಕ್ಕಮ್ಮಂದಿರಿಗೆಲ್ಲ ಹೇಳಿ ಕಳಿಸುತ್ತಿದ್ದಳು.

ಮೂಲೆಯ ಮಂಚದಲ್ಲಿ ಮಲಗಿಸಿ, ಸ್ವಲ್ಪ ಹೊತ್ತು ಏಳಬೇಡಿ ಎಂದು ಹೇಳಿ, ಚಿಕ್ಕ ಸಿಸ್ಟರ್ ಮುಂದಿನ ಆಪರೇಷನ್ನಿಗೆ ಓಡಿದಳು. ಉಳಿದ ಮೂರೂ ಮಂಚ ಖಾಲಿಯಿದ್ದವು. ತನ್ನ ಕೋಣೆ ಇದೇನಾ ಎನ್ನಿಸಿತು. ಬಿಳಿ ದೀಪ ನೇರ ಕಣ್ಣಿಗೆ ಹೊಡೆಯುತ್ತಿತ್ತು, ಗೋಡೆ ತೀರ ಹತ್ತಿರದಲ್ಲಿತ್ತು, ಯಾವ ಕಡೆ ತಿರುಗಿದರೂ ಯಾರೋ ನಿಂತು ನೋಡುತ್ತಿರುವ ಹಾಗೆ ಸಲೈನ್ ಸ್ಟ್ಯಾಂಡಿನ ನೆರಳು. ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು. ಆಗಲೇ ಪರದೆ ಸರಿಯಿತು. ಬಿಲ್ ಕೌಂಟರಿನವಳು, ಕಂಕುಳಲ್ಲಿ ಫ್ಲಾಸ್ಕ್, ಕೈಯಲ್ಲಿ ಎರಡು ಸ್ಟೀಲ್ ಲೋಟ.

"ನಿಮ್ಮನೆಯವರು ಔಷಧಿ ಅಂಗಡಿ ಕ್ಯೂನಲ್ಲಿ ನಿಂತಿದ್ದಾರೆ. ಅಷ್ಟರಲ್ಲಿ ಕಾಫಿ ಕುಡೀರಿ. ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಅಲ್ವಾ," ಎಂದು ಸ್ಟೂಲು ಎಳೆದುಕೊಂಡು ಕೂತಳು.

"ಕೌಂಟರ್?"

"ಇನ್ನೊಬ್ಬಳನ್ನ ಕೂರಿಸಿದೀನಿ. ನಿಮ್ಮ ಚೀಟಿ ಮಾಡಿಕೊಟ್ಟ ಮೇಲೆ ಮಧ್ಯಾಹ್ನದವರೆಗೂ ರಜೆ ತಗೊಂಡಿದ್ದೆ ಇವತ್ತು."

"ರಜೆ ಯಾಕೆ?"

ಬಿಲ್ ಕೌಂಟರಿನವಳು ಲೋಟಕ್ಕೆ ಕಾಫಿ ಬಗ್ಗಿಸಿದಳು. ಒಂದು ಹನಿ ಚೆಲ್ಲಲಿಲ್ಲ. "ನೀವು ಜನರಲ್ ತಗೋಬಹುದು ಅಂತ ಇತ್ತಲ್ಲ. ತಗೊಂಡಿದ್ರೆ ಏಳೋ ಹೊತ್ತಿಗೆ ಈ ಬಾಗಿಲಲ್ಲಿ ನಿಲ್ಲೋಣ ಅಂದ್ಕೊಂಡಿದ್ದೆ. ಚಿಕ್ಕ ಸಿಸ್ಟರಿಗೂ ಹೇಳಿದ್ದೆ, ನೀನೊಬ್ಬಳೇ ಇರು, ಕೇಳಿಸಿದ್ದು ಇಲ್ಲೇ ಬಿಟ್ಟು ಹೋಗು, ಬೇರೆ ಯಾರನ್ನೂ ಒಳಗೆ ಬಿಡಲ್ಲ ನಾನು ಅಂತ. ಅವಳು ಪಾಪ, ಆಣೆ ಮಾಡಿದ್ಲು. ಬೆಳಿಗ್ಗೆ ನೀವು ಲೋಕಲ್ ಅಂದ್ರಿ ನೋಡಿ, ಸದ್ಯ, ಅನ್ನಿಸ್ತು."

ಲೋಟ ಬಿಸಿಯಿತ್ತು. ದೊಡ್ಡ ಸಿಸ್ಟರ್ ಅದನ್ನು ಎರಡು ಕೈಯಲ್ಲಿ ಹಿಡಿದು, ಸುಡುತ್ತಿದ್ದರೂ ಹಿಡಿದೇ ಇದ್ದಳು. ಬೆಳಿಗ್ಗೆ ಗಾಜಿನ ಹಿಂದೆ ಸಡಿಲಗೊಂಡ ಆ ಮುಖವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡಳು. ಅದು ನಿರಾಸೆಯಾಗಿರಲಿಲ್ಲ. ಇಷ್ಟು ಮುಖಗಳನ್ನು ಓದಿದವಳು, ಇಷ್ಟು ಹತ್ತಿರದಿಂದ, ಓದಲೇ ಬಾರದವಳಂತೆ ತಪ್ಪಾಗಿ ಓದಿದ್ದಳು. ನಾಚಿಕೆಯೆಂದರೆ ಕಾಲೆತ್ತಿ ಕಟ್ಟಿಸಿಕೊಂಡಾಗ ಆದದ್ದು ಎಂದುಕೊಂಡಿದ್ದಳು, ಅದಲ್ಲ, ಇದು. ಏನಾದರೂ ಹೇಳಬೇಕಿತ್ತು. ಕ್ಷಮಿಸು ಎನ್ನುವುದು ಬಾಯಿಗೆ ಬಂದು, ತೀರ ಸಣ್ಣದೆನ್ನಿಸಿ, ಅದರ ಬದಲು ಆವತ್ತೇ ಕೇಳಬೇಕಾದದ್ದನ್ನು ಕೇಳಿದಳು.

"ಆವತ್ತು ಕಿಟಕಿ ಹೊರಗೆ ನಿಂತಿದ್ದೋನು, ಯಾರವನು?"

ಬಿಲ್ ಕೌಂಟರಿನವಳು ತನ್ನ ಲೋಟದೊಳಗೆ ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳು ಅಷ್ಟು ಎತ್ತರದ ಹೆಂಗಸೆಂದು ಗಾಜಿನ ಹಿಂದೆ ಯಾವತ್ತೂ ಗೊತ್ತಾಗಿರಲಿಲ್ಲ.

"ಹೇಳಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅರ್ಧ ನಿಮ್ಮ ಕೈಗೆ ಸಿಕ್ತು, ನನಗೆ ಗೊತ್ತಿಲ್ಲದೆ. ಇನ್ನರ್ಧ ನಂದು. ಅದನ್ನ ನಾನೇ ಇಟ್ಕೋತೀನಿ."

"ಇಟ್ಕೊಳ್ಳಿ," ಎಂದಳು ದೊಡ್ಡ ಸಿಸ್ಟರ್. ಎಷ್ಟೋ ವರ್ಷ ಏಕವಚನದಲ್ಲಿ ಕರೆದ ನಾಲಿಗೆ ತಾನಾಗಿ ತಿದ್ದಿಕೊಂಡಿತ್ತು. ಮತ್ತು ಆಶ್ಚರ್ಯವೆಂದರೆ, ಈ ಹೆಂಗಸಿನ ಬಗ್ಗೆ ಅವಳಿಗೆ ಹೆಮ್ಮೆಯೆನಿಸಿತು, ತನ್ನ ಬಗ್ಗೆ ಆಗಿದ್ದಕ್ಕಿಂತ ಒಂದು ಕೈ ಹೆಚ್ಚೇ. ಇಬ್ಬರೂ ಕಾಫಿ ಕುಡಿದರು. ಸಕ್ಕರೆ ಕಡಿಮೆಯಿತ್ತು, ಚೆನ್ನಾಗಿತ್ತು.

ಲೋಟ ಕೆಳಗಿಡುವಷ್ಟರಲ್ಲಿ ಹೊಟ್ಟೆಯ ತಳದ ಬಟ್ಟೆ ಮತ್ತೆ ಹಿಂಡಿಕೊಳ್ಳತೊಡಗಿತು. ಇಂಜೆಕ್ಷನ್ನಿನ ಪ್ರಭಾವ ಇಳಿಯುತ್ತಿದೆ, ಇದು ಹೀಗೇ ಆಗುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ಎಷ್ಟೋ ಜನಕ್ಕೆ ಹೇಳಿದ್ದನ್ನು ತನಗೆ ಹೇಳಿಕೊಂಡಳು. ಕೆಲಸಕ್ಕೆ ಬರಲಿಲ್ಲ. ಮೇಜಿನ ಮೇಲೆ ಆದದ್ದಕ್ಕಿಂತ ಹೆಚ್ಚಾಗಿ, ಸೊಂಟದಿಂದ ತೊಡೆಯವರೆಗೆ ಹಿಂಡಿ ಎಳೆಯಿತು. ಗಂಟಲ ಬುಡದಲ್ಲಿ ಎದ್ದು ನಿಂತದ್ದು ಇನ್ನೂ ನಿಂತೇ ಇತ್ತು. ತುಟಿ ಕಚ್ಚಿದಳು, ಮಂಚದ ಸರಳು ಹಿಡಿದಳು, ಕೊನೆಗೆ ಮುಂಗೈ ಬಾಯಿಯ ಹತ್ತಿರ ಹೋಯಿತು. ಬಿಲ್ ಕೌಂಟರಿನವಳು ಅದನ್ನು ನೋಡಿದಳು. ಮುಂದಕ್ಕೆ ಬಗ್ಗಿ, ಆ ಕೈಯನ್ನು ಬಾಯಿಂದ ಕೆಳಗಿಳಿಸಿ, ಹೊದಿಕೆಯ ಮೇಲಿಟ್ಟಳು. ಎದ್ದು ಹೋಗಿ ಪರದೆ ಎಳೆದು, ಬಾಗಿಲಿಗೆ ಅಡ್ಡಲಾಗಿ, ಇವಳ ಕಡೆ ಬೆನ್ನು ಮಾಡಿ ನಿಂತಳು.

"ಅಮ್ಮಾ," ಎಂದಳು ದೊಡ್ಡ ಸಿಸ್ಟರ್. ದೊಡ್ಡದಾಗಿ ಬಂತು. ಒಳಗೆ ಇನ್ನೂ ಇತ್ತು.

ಹೊರಗೆ ಹೆಜ್ಜೆ ಸದ್ದಾಯಿತು. ಲ್ಯಾಬಿನವನ ದನಿ. "ಹೇಗಿದ್ದಾರೆ ನಮ್ಮ ಗಟ್ಟಿಗಿತ್ತಿ? ಏನಾದ್ರೂ ಅಂದ್ರಾ?"

"ಒಂದ್ ಮಾತೂ ಇಲ್ಲ," ಎಂದಳು ಬಿಲ್ ಕೌಂಟರಿನವಳು, ಕಾರಿಡಾರಿಗೆಲ್ಲ ಕೇಳಿಸುವಷ್ಟು ಜೋರಾಗಿ. "ಹಾಯಾಗಿ ಮಲಗಿದ್ದಾರೆ. ಹೋಗಿ ನೀವು, ಕೆಲಸ ನೋಡ್ಕೊಳ್ಳಿ. ಬಾಗಿಲಲ್ಲಿ ಗುಂಪು ಕಟ್ಟಬೇಡಿ, ಏನು ನೋಡೋಕೆ ಬಂದಿದ್ದೀರಿ ಎಲ್ಲರೂ, ಇಲ್ಲೇನು ಪಿಕ್ಚರ್ ನಡೀತಿದೆಯಾ?" ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಬೇಕಾದ್ದಕ್ಕಿಂತ ಗಟ್ಟಿಯಾಗಿ ಅವಳು ಬೈಯುತ್ತಲೇ ಇದ್ದಳು, ಮತ್ತು ಆ ದನಿಯ ಮರೆಯಲ್ಲಿ ದೊಡ್ಡ ಸಿಸ್ಟರ್ ಮನಸಾರೆ ಕೂಗಿದಳು.